ಹಕ್ಕಿಗೆ ಒಂದನೇ ಅನುಸೂಚಿ, ನೆಲಕ್ಕೆ ಖರಾಬು ಪಟ್ಟಿ

ವನ್ಯಜೀವಿ ಸಪ್ತಾಹ ಹತ್ತಿರ ಬಂದಾಗಲೆಲ್ಲ ಒಂದು ಹಳೆಯ ಕಥೆ ವಾಟ್ಸ್ಯಾಪಿನಲ್ಲಿ ಮತ್ತೆ ತಿರುಗಾಡತೊಡಗುತ್ತದೆ. ರಾಷ್ಟ್ರಪಕ್ಷಿಯನ್ನು ಆರಿಸುವ ಮಾತು ಬಂದಾಗ ಸಲೀಂ ಅಲಿಯವರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಹೆಸರು ಹೇಳಿದ್ದರಂತೆ, ಆ ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದರೆ ಬೈಗುಳವಾಗುತ್ತದೆ ಎಂದು ದಿಲ್ಲಿಯ ಅಧಿಕಾರಿಗಳು ಹೆದರಿದರಂತೆ, ಹಾಗಾಗಿ 1963ರಲ್ಲಿ ನವಿಲಿಗೆ ಪಟ್ಟ ಕಟ್ಟಿದರಂತೆ. ಸಲೀಂ ಅಲಿ ಆ ಹಕ್ಕಿಯ ಪರವಾಗಿದ್ದದ್ದು ನಿಜ. ಅಕ್ಷರದ ಕಥೆ ನಿಜವೋ ಕಟ್ಟುಕತೆಯೋ, ಹೇಳುವವರಿಗೆ ಮಾತ್ರ ಅದರಲ್ಲೊಂದು ಸುಖವಿದೆ. ಒಂದು ಹಕ್ಕಿ ಅಳಿಯುತ್ತಿರುವುದಕ್ಕೆ ಅರವತ್ತು ವರ್ಷ ಹಿಂದಿನ ಯಾರೋ ಗುಮಾಸ್ತನ ಅಂಜಿಕೆಯೇ ಕಾರಣ ಎಂದುಬಿಟ್ಟರೆ ಈಗ ಬದುಕಿರುವ ನಾವೆಲ್ಲ ಪಾರಾದಂತೆ.

ಅಂಜುವಂಥ ಹೆಸರೇ ಆಗಿದ್ದರೆ ನಮ್ಮಲ್ಲಿ ಬೇರೆ ಹೆಸರುಗಳಿಗೇನು ಬರವಿತ್ತೇ? ನೀವು ಪುಣೆಯಲ್ಲೋ ಸೊಲ್ಲಾಪುರದಲ್ಲೋ ಇದ್ದರೆ ಇದನ್ನು ಮಾಳಢೋಕ್ ಎಂದು ಕೇಳಿರುತ್ತೀರಿ. ಹೈದರಾಬಾದಿನವರಿಗೆ ಇದು ಬಟ್ಟಮೇಕ. ದಿಲ್ಲಿಯವರಿಗೆ ಸೋನ್ ಚಿರೈಯಾ, ರಾಜಸ್ಥಾನಿಗಳಿಗೆ ಗೋಡಾವಣ್. ನಮ್ಮ ಬಯಲುಸೀಮೆಯಲ್ಲಿ ಎರೆಭೂತ, ದೊರವಾಯನ ಹಕ್ಕಿ. ಎರೆ ಎಂದರೆ ಕಪ್ಪು ಮಣ್ಣಿನ ಹೊಲ; ಮನುಷ್ಯನ ಸೊಂಟದೆತ್ತರದ ಹಕ್ಕಿಯೊಂದು ಮುಂಜಾವಿನ ಮಬ್ಬಿನಲ್ಲಿ ಜೋಳದ ಹೊಲ ದಾಟುವುದನ್ನು ಕಂಡವರು ಇಟ್ಟ ಹೆಸರಿದ್ದಂತಿದೆ.

ಆ ಕಥೆಯ ಬಾಲಕ್ಕೆ ಒಂದು ಬೇಡಿಕೆಯೂ ಇರುತ್ತದೆ: ನವಿಲನ್ನು ಇಳಿಸಿ, ಎರೆಭೂತವನ್ನು ಏರಿಸಿ. ನನ್ನ ತಕರಾರು ಈ ಬೇಡಿಕೆಯ ಮೇಲೆ. ನವಿಲಿಗೆ ಆ ಪಟ್ಟದಿಂದ ಆದ ಲಾಭ ಕಡಿಮೆ. ಎರೆಭೂತಕ್ಕೆ ಅದು ಸಿಕ್ಕಿದ್ದರೂ ಲಾಭ ಆಗುತ್ತಿರಲಿಲ್ಲ. ಹಾಗೆ ಯಾಕೆ ಹೇಳುತ್ತೇನೆ ಎಂದು ತೋರಿಸಲು ಎರಡೂ ಹಕ್ಕಿಗಳನ್ನು ಅಕ್ಕಪಕ್ಕ ನಿಲ್ಲಿಸಬೇಕು. ವಿಜ್ಞಾನಿಗಳು ಅವನ್ನು ಯಾವ ಗುಂಪಿಗೆ ಹಾಕಿದ್ದಾರೆ, ಕೆಂಪು ಪಟ್ಟಿ ಏನು ಹೇಳುತ್ತದೆ, ಕಾನೂನು ಏನು ಹೇಳುತ್ತದೆ, ಕೊನೆಗೆ ತಹಶೀಲ್ದಾರರ ಕಚೇರಿಯ ಕಡತ ಏನು ಹೇಳುತ್ತದೆ ಎಂದು ನೋಡಬೇಕು. ಈ ಕೊನೆಯದನ್ನು ಹಕ್ಕಿಪ್ರಿಯರು ಸಾಮಾನ್ಯವಾಗಿ ನೋಡುವುದಿಲ್ಲ.

ನವಿಲು, ಪಾವೊ ಕ್ರಿಸ್ಟೇಟಸ್, 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ಗ್ಯಾಲಿಫಾರ್ಮಿಸ್ ಗಣ, ಫೇಸಿಯಾನಿಡೆ ಕುಟುಂಬ. ಸರಳವಾಗಿ ಹೇಳುವುದಾದರೆ ಕೋಳಿ ಬಳಗ. ಕಾಡುಕೋಳಿ, ಗೌಜಲಹಕ್ಕಿ, ಲಾವಕ್ಕಿ, ನಮ್ಮ ಹಿತ್ತಲಿನ ನಾಟಿ ಕೋಳಿ ಎಲ್ಲ ಇದರ ದಾಯಾದಿಗಳು. ದೊಡ್ಡ ಸಂಸಾರ, ಈ ಗಣದಲ್ಲಿ ಮುನ್ನೂರರ ಹತ್ತಿರ ಪ್ರಭೇದಗಳಿವೆ. ಒಂದು ಸಲಕ್ಕೆ ನಾಲ್ಕಾರು ಮೊಟ್ಟೆ. ಕಾಲಿಗೆ ಹಿಂಬೆರಳುಂಟು, ಆದ್ದರಿಂದ ಕೊಂಬೆ ಹಿಡಿದು ಕೂರಬಲ್ಲದು. ರಾತ್ರಿ ನಾಯಿ ನರಿಗಳ ಕಾಟ ತಪ್ಪಿಸಲು ಮರ ಏರುತ್ತದೆ. ಮರ ಇಲ್ಲದಿದ್ದರೆ ನೀರಿನ ಟ್ಯಾಂಕು, ಗುಡಿಯ ಗೋಪುರ, ಶಾಲೆಯ ಮಾಳಿಗೆ.

ಎರೆಭೂತ, ಆರ್ಡಿಯೋಟಿಸ್ ನೈಗ್ರಿಸೆಪ್ಸ್. 1831ರಲ್ಲಿ ವಿಗರ್ಸ್ ವಿವರಿಸಿದ್ದು. ಹೆಸರಿನ ಅರ್ಥ ಕರಿತಲೆಯದು ಎಂದು. ಇದನ್ನು ಬಹಳ ಕಾಲ ಕ್ರೌಂಚಗಳ ಜೊತೆ ಒಂದೇ ಗಣದಲ್ಲಿ ಇಟ್ಟಿದ್ದರು. ಉದ್ದ ಕಾಲು, ಉದ್ದ ಕತ್ತು ನೋಡಿದರೆ ಹಾಗನ್ನಿಸುವುದು ಸಹಜ. ಡಿಎನ್‌ಎ ಓದಲು ಬಂದ ಮೇಲೆ ಈ ಹಕ್ಕಿಗಳ ವಂಶವೇ ಬೇರೆ ಎಂದು ಗೊತ್ತಾಗಿ, ಓಟಿಡಿಫಾರ್ಮಿಸ್ ಎಂಬ ಪ್ರತ್ಯೇಕ ಗಣ ಮಾಡಿದರು. ಆ ಗಣಕ್ಕೆ ಇರುವುದು ಒಂದೇ ಕುಟುಂಬ, ಪ್ರಭೇದಗಳು ಪ್ರಪಂಚಕ್ಕೆಲ್ಲ ಸೇರಿ ಇಪ್ಪತ್ತಾರರ ಆಸುಪಾಸು. ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇದಕ್ಕಿಂತ ಭಾರದವು ಕಡಿಮೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬಯಲಲ್ಲಿ, ಗೂಡಿಲ್ಲದೆ, ಬರಿಯ ನೆಲದ ಮೇಲೆ. ಕಾಲಿನಲ್ಲಿ ಮುಂದಕ್ಕೆ ಚಾಚಿದ ಮೂರೇ ಬೆರಳು. ಹಿಂಬೆರಳು ಇಲ್ಲ. ಹಾಗಾಗಿ ಕೊಂಬೆಯ ಮೇಲೆ ಕೂರಲಾರದು. ಓಡುವುದಕ್ಕೂ ನಡೆಯುವುದಕ್ಕೂ ಹೇಳಿ ಮಾಡಿಸಿದ ಕಾಲು ಅದು. ಮರ ಏರಲಾಗದ ಹಕ್ಕಿ, ಶತ್ರುವನ್ನು ದೂರದಿಂದಲೇ ಕಂಡು ತಪ್ಪಿಸಿಕೊಳ್ಳಬೇಕಾದ ಹಕ್ಕಿ, ಬಟಾಬಯಲನ್ನು ಬಿಟ್ಟು ಬೇರೆಲ್ಲೂ ಬದುಕಲಾರದು.

ವರ್ಗೀಕರಣ ಎಂದರೆ ಲ್ಯಾಟಿನ್ ಹೆಸರುಗಳ ಉರು ಹೊಡೆಯುವಿಕೆ ಎಂದು ಶಾಲೆ ನಮಗೆ ಕಲಿಸಿಬಿಟ್ಟಿದೆ. ಆದರೆ ಇಲ್ಲಿ ಒಂದು ಹಿಂಬೆರಳು ಒಂದು ಹಕ್ಕಿಯನ್ನು ಊರೊಳಗೆ ತಂದಿದೆ, ಅದರ ಗೈರುಹಾಜರಿ ಇನ್ನೊಂದನ್ನು ಹುಲ್ಲುಗಾವಲಿಗೆ ಕಟ್ಟಿಹಾಕಿದೆ.

ಈಗ ಕೆಂಪು ಪಟ್ಟಿ. ಐಯುಸಿಎನ್ ಪ್ರಕಾರ ನವಿಲು ‘ಲೀಸ್ಟ್ ಕನ್ಸರ್ನ್’, ಅಂದರೆ ಸದ್ಯಕ್ಕೆ ಚಿಂತೆ ಬೇಡ ಎನ್ನುವ ದರ್ಜೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಇದರ ಸಂಖ್ಯೆ ದೀರ್ಘಾವಧಿಯಲ್ಲಿ ಶೇಕಡಾ 150ಕ್ಕೂ ಹೆಚ್ಚು ಏರಿದೆ ಎಂದಿತು. ಒಂದು ಕಾಲಕ್ಕೆ ಅಪರೂಪವಾಗಿದ್ದ ಕೇರಳದಲ್ಲೂ ಈಗ ನವಿಲು ಮಾಮೂಲು. ದಿಲ್ಲಿಯ ಜೆಎನ್‌ಯು ಆವರಣದಲ್ಲಿ, ಮುಂಬೈಯ ರಾಜಭವನದಲ್ಲಿ, ಹೈದರಾಬಾದಿನ ಕೆಬಿಆರ್ ಉದ್ಯಾನದಲ್ಲಿ ನೀವೇ ನೋಡಿರುತ್ತೀರಿ. ಎರೆಭೂತ 2011ರಿಂದ ‘ಕ್ರಿಟಿಕಲಿ ಎಂಡೇಂಜರ್ಡ್’ ದರ್ಜೆಯಲ್ಲಿದೆ. ಅದರಾಚೆಗೆ ಉಳಿಯುವುದು ಕಾಡಿನಲ್ಲಿ ನಾಶವಾದದ್ದು, ಪೂರ್ತಿ ನಾಶವಾದದ್ದು ಎಂಬ ಎರಡೇ ಮೆಟ್ಟಿಲು. 1969ರಲ್ಲಿ ಧರ್ಮಕುಮಾರಸಿಂಹಜಿ ದೇಶದಲ್ಲಿ ಸುಮಾರು 1,260 ಇರಬಹುದೆಂದು ಅಂದಾಜು ಮಾಡಿದ್ದರು. 2018ರ ಹೊತ್ತಿಗೆ ಅಂದಾಜು ಸುಮಾರು 150. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸುತ್ತಮುತ್ತ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು.

ಇಲ್ಲಿಗೆ ಬಂದಾಗ ಒಂದು ವಾದ ತಪ್ಪದೆ ಎದುರಾಗುತ್ತದೆ, ವಿದ್ಯಾವಂತರ ಬಾಯಿಂದಲೇ. ವರ್ಷಕ್ಕೊಂದು ಮೊಟ್ಟೆ, ಮುಂದಿರುವ ತಂತಿ ಕಾಣದ ಕಣ್ಣು, ಭಾರದ ಮೈ. ವಿಕಾಸದ ಓಟದಲ್ಲಿ ಹಿಂದೆ ಬಿದ್ದ ಪ್ರಾಣಿ, ಅದರ ಕಾಲ ಮುಗಿಯಿತು, ನಾವೇನು ಮಾಡಲಾದೀತು. ಕೇಳಲು ವಿಜ್ಞಾನದಂತಿದೆ, ಒಳಗೆ ಇರುವುದು ಕೈ ತೊಳೆದುಕೊಳ್ಳುವ ನೀರು. ಇದಕ್ಕೆ ಉತ್ತರ ಇದೇ ಎರಡು ಹಕ್ಕಿಗಳ ಖಾಸಾ ಸಂಬಂಧಿಕರಲ್ಲಿದೆ.

ಆರ್ಡಿಯೋಟಿಸ್ ಕುಲದಲ್ಲಿ ನಾಲ್ಕು ಪ್ರಭೇದಗಳು. ಅವುಗಳಲ್ಲೊಂದು ಆಸ್ಟ್ರೇಲಿಯನ್ ಬಸ್ಟರ್ಡ್. ಪಕ್ಕದಲ್ಲಿ ನಿಲ್ಲಿಸಿದರೆ ಎರೆಭೂತದ ತಮ್ಮನಂತಿದೆ. ಅದೇ ಮೂರು ಬೆರಳು, ಅದೇ ಬಯಲಿನ ಬದುಕು, ಅಷ್ಟೇ ಜುಗ್ಗತನದಿಂದ ಇಡುವ ಮೊಟ್ಟೆ. ಅದರ ದರ್ಜೆ ಲೀಸ್ಟ್ ಕನ್ಸರ್ನ್, ನವಿಲಿನ ದರ್ಜೆಯೇ. ಈಗ ನವಿಲಿನ ಕಡೆ ಬನ್ನಿ. ಪಾವೊ ಕುಲದಲ್ಲಿ ಇರುವುದು ಎರಡೇ: ನಮ್ಮ ನೀಲಿ ನವಿಲು, ಆಗ್ನೇಯ ಏಷ್ಯಾದ ಹಸಿರು ನವಿಲು. ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ಜಾವಾಗಳಲ್ಲಿರುವ ಆ ಹಸಿರು ನವಿಲಿಗೂ ಹಿಂಬೆರಳುಂಟು, ಅದೂ ಮರ ಏರುತ್ತದೆ, ಗರಿ ಬಿಚ್ಚುತ್ತದೆ. ಅದರ ದರ್ಜೆ ‘ಎಂಡೇಂಜರ್ಡ್’. ಕಾಡು ಕಡಿದದ್ದು, ಮಾಂಸಕ್ಕೂ ಗರಿಗೂ ಬೇಟೆಯಾಡಿದ್ದು ಅದನ್ನು ಅಲ್ಲಿಗೆ ತಂದು ನಿಲ್ಲಿಸಿದೆ.

ಒಂದೇ ಕುಲದ ಒಂದು ಹಕ್ಕಿ ಸುಖವಾಗಿದೆ, ಇನ್ನೊಂದು ಸಾಯುತ್ತಿದೆ. ಎರಡೂ ಕುಲಗಳಲ್ಲಿ ಹೀಗೆಯೇ ಇದೆ. ವಂಶವೇ ವಿಧಿಯಾಗಿದ್ದರೆ ಇದು ಸಾಧ್ಯವಿರಲಿಲ್ಲ. ನಿಧಾನಕ್ಕೆ ಮರಿ ಮಾಡುವ ಹಕ್ಕಿಗೆ ಹೊಡೆತ ಬಿದ್ದರೆ ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕು ಎಂಬುದು ಒಪ್ಪಬೇಕಾದ ಮಾತು. ಹೊಡೆತ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನೀಲಿ ನವಿಲು ಉಳಿದದ್ದು ರಾಷ್ಟ್ರಪಕ್ಷಿ ಆದದ್ದರಿಂದಲೂ ಅಲ್ಲ. 1963ಕ್ಕಿಂತ ಸಾವಿರಾರು ವರ್ಷ ಮೊದಲೇ ಅದು ಸುಬ್ರಹ್ಮಣ್ಯನ ವಾಹನ, ಕೃಷ್ಣನ ಮುಡಿಯ ಗರಿ. ಹಳ್ಳಿಯಲ್ಲಿ ನವಿಲಿಗೆ ಕಲ್ಲು ಹೊಡೆದ ಹುಡುಗನನ್ನು ಅಜ್ಜಿಯೇ ಗದರಿಸುತ್ತಿದ್ದಳು. ಅದಕ್ಕೆ ಗೆಜೆಟ್ ಬೇಕಿರಲಿಲ್ಲ. ಜೊತೆಗೆ ನಾವು ಭೂಮಿಗೆ ಏನೇನು ಮಾಡಿದೆವೋ ಅದೆಲ್ಲ ನವಿಲಿಗೆ ಒಗ್ಗಿತು. ಬರಡು ಸೀಮೆಗೆ ಕಾಲುವೆ ಬಂತು, ತೋಟ ಬಂತು, ಬೇಲಿಯ ಪೊದೆ ಬೆಳೆಯಿತು, ನರಿಗಳು ಕಡಿಮೆಯಾದವು. ನವಿಲು ಖುಷಿಯಾಗಿ ಶೇಂಗಾ ಕೆದಕುತ್ತ ಬಂತು. ಅದೇ ಕಾಲುವೆ, ಅದೇ ತೋಟ, ಅದೇ ಪೊದೆ ಎರೆಭೂತದ ಕಾಲ ಕೆಳಗಿನ ಬಯಲನ್ನು ತಿಂದು ಹಾಕಿದವು. ಎರೆಭೂತಕ್ಕೆ ದೇವರ ಆಸರೆಯೂ ಇರಲಿಲ್ಲ. ಮಾಂಸ ರುಚಿ ಎಂಬ ಖ್ಯಾತಿ ಬೇರೆ ಇತ್ತು. ಜೀಪು ಬಂದ ಮೇಲೆ ಬಯಲಿನಲ್ಲಿ ಅದನ್ನು ಬೆನ್ನಟ್ಟಿ ಹೊಡೆಯುವುದು ಸಲೀಸಾಯಿತು.

ಬೇಟೆಯನ್ನು ನಿಲ್ಲಿಸಲೆಂದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನನ್ನ ಜಗಳ ಶುರುವಾಗುವುದು ಇಲ್ಲಿಂದ. ಆ ಕಾಯ್ದೆಯಲ್ಲಿ ಎರಡೂ ಹಕ್ಕಿಗಳು ಒಂದನೇ ಅನುಸೂಚಿಯಲ್ಲಿವೆ. ಹುಲಿ ಕೂತಿರುವ ಪಂಕ್ತಿಯಲ್ಲೇ ಎಲೆ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನೆಲ್ಲ ಕೂಡಿಸಿ ಕಳೆದು ಮರುಜೋಡಿಸಿದರೂ ಇವೆರಡರ ಜಾಗ ಬದಲಾಗಲಿಲ್ಲ. ಒಂದನ್ನು ಕೊಂದರೂ ಇನ್ನೊಂದನ್ನು ಕೊಂದರೂ ಮೂರರಿಂದ ಏಳು ವರ್ಷ ಸೆರೆ. ಕೆಂಪು ಪಟ್ಟಿಯಲ್ಲಿ ಎರಡು ತುದಿಗಳಲ್ಲಿರುವ ಹಕ್ಕಿಗಳು ಕಾನೂನಿನ ಕಣ್ಣಿಗೆ ಒಂದೇ. ನವಿಲಿನ ಮಟ್ಟಿಗೆ ಅದು ಅಗತ್ಯಕ್ಕಿಂತ ದೊಡ್ಡ ಛತ್ರಿ. ಉದುರಿದ ಗರಿಗಳ ದೇಶದೊಳಗಿನ ವ್ಯಾಪಾರಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟು ನವಿಲಿನ ವಿಶೇಷ ಸ್ಥಿತಿಯನ್ನು ಒಪ್ಪಿಕೊಂಡಿದೆ. ಬೆಳೆ ಕಳೆದುಕೊಂಡ ರೈತನಿಗೆ ಮಾತ್ರ ಹಾಗೆ ಒಪ್ಪಿಕೊಂಡು ಹೇಳುವ ಮಾತು ಯಾವುದೂ ಇಲ್ಲ. 2016ರಲ್ಲಿ ಗೋವಾದ ಕೃಷಿ ಸಚಿವರು ನವಿಲನ್ನು ಉಪದ್ರವಿ ಪಟ್ಟಿಗೆ ಸೇರಿಸುವ ಮಾತೆತ್ತಿದಾಗ ದೇಶವೇ ನಕ್ಕಿತು. ನಕ್ಕವರಲ್ಲಿ ಎಷ್ಟು ಜನ ಬಿತ್ತನೆ ಮಾಡಿದ್ದರೋ ತಿಳಿಯದು.

ಎರೆಭೂತದ ಮಟ್ಟಿಗೆ ಇದೇ ಛತ್ರಿ ತೂತು. ಯಾಕೆಂದರೆ ಆ ಕಾಯ್ದೆ ಕೋವಿ ಹಿಡಿದು ಬಂದವನನ್ನು ತಡೆಯಬಲ್ಲದು. ಈಗ ಎರೆಭೂತವನ್ನು ಕೊಲ್ಲುತ್ತಿರುವವರ ಕೈಯಲ್ಲಿ ಕೋವಿಯಿಲ್ಲ, ನಕ್ಷೆಯಿದೆ.

ಆ ನಕ್ಷೆಯಲ್ಲಿ ಅದರ ಮನೆಗೆ ಇರುವ ಹೆಸರು ನೋಡಿ. ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆ ಉಪಗ್ರಹ ಚಿತ್ರಗಳ ನೆರವಿನಿಂದ ‘ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್’ ಎಂಬ ಪುಸ್ತಕ ತರುತ್ತದೆ. 2019ರ ಆವೃತ್ತಿಯ ಪ್ರಕಾರ ದೇಶದ ಸುಮಾರು 5.57 ಕೋಟಿ ಹೆಕ್ಟೇರ್, ಅಂದರೆ ಭೂಭಾಗದ ಶೇಕಡಾ 17ರಷ್ಟು ಪಾಳು. ಕುರುಚಲು ಬಯಲು, ಮೇವಿನ ಭೂಮಿ, ಮರಳುಗಾಡು ಎಲ್ಲ ಆ ಪಟ್ಟಿಯೊಳಗೇ ಬರುತ್ತವೆ. ಕುರಿಗಾಹಿಗೆ ಅದು ಪಾಳಲ್ಲ, ತೋಳಕ್ಕೆ ಪಾಳಲ್ಲ, ಕೃಷ್ಣಮೃಗಕ್ಕೆ ಪಾಳಲ್ಲ. ಕಂದಾಯ ಕಟ್ಟದ ನೆಲಕ್ಕೆ ಬ್ರಿಟಿಷರು ಹಚ್ಚಿದ ಹಣೆಪಟ್ಟಿ ಇದು. ಅವರು ಹೋದ ಮೇಲೆ ಆ ಪಟ್ಟಿಗೆ ನಾವು ಉಪಗ್ರಹ ಜೋಡಿಸಿದೆವು. ನಮ್ಮ ಕಂದಾಯ ಭಾಷೆಯಲ್ಲಿ ಅದಕ್ಕೆ ಇನ್ನೂ ಖಡಕ್ಕಾದ ಮಾತಿದೆ: ಖರಾಬು. ಕೆಟ್ಟದ್ದು. ಒಂದನೇ ದರ್ಜೆಯ ಹಕ್ಕಿ, ಕೆಟ್ಟ ನೆಲ. ಈ ಎರಡು ವರ್ಗೀಕರಣಗಳಲ್ಲಿ ಯಾವುದು ಗೆಲ್ಲುತ್ತದೆ ಎಂದು ಕೇಳಬೇಕೇ?

ಕೆಟ್ಟದ್ದು ಎಂದ ಮೇಲೆ ಅದನ್ನು ಉದ್ಧಾರ ಮಾಡುವ ಉತ್ಸಾಹ ಬಾರದೆ ಇರುತ್ತದೆಯೇ. ಮೊದಲ ಉದ್ಧಾರಕರು ಬಂದದ್ದು ಅರಣ್ಯ ಇಲಾಖೆಯಿಂದಲೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು, ಎರೆಭೂತವೂ ಅಲ್ಲಿತ್ತು. ಆ ಬಯಲಿನ ದೊಡ್ಡ ಭಾಗಕ್ಕೆ ನೀಲಗಿರಿ ನೆಟ್ಟರು. ಹುಲ್ಲುಗಾವಲು ಎಂದರೆ ಇನ್ನೂ ಕಾಡಾಗದ ಜಾಗ, ಮರ ನೆಟ್ಟರೆ ಕಾಡಾಗುತ್ತದೆ ಎಂಬುದು ಅಂದಿನ ತಿಳಿವಳಿಕೆ. ಇಂದಿಗೂ ಪರಿಸರ ದಿನದಂದು ಸಸಿ ಹಿಡಿದು ಹೊರಡುವ ಮಂದಿಯ ತಿಳಿವಳಿಕೆ ಅದೇ. ಎರೆಭೂತ ಈಗ ಅಲ್ಲಿ ನೋಡಸಿಗುವುದಿಲ್ಲ. ಅದೇ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಹಳೆಯ ಕೋಟೆಯೊಳಗೆ ನವಿಲುಧಾಮವಿದೆ, ನವಿಲುಗಳು ಸೊಗಸಾಗಿವೆ. ನವಿಲಿಗೆ ಒಂದು ಕೋಟೆ, ನಾಲ್ಕು ಮರ, ಒಂದು ಹಿಡಿ ಕಾಳು ಸಾಕು. ಒಂದೇ ಜಿಲ್ಲೆ, ಒಂದೇ ಇಲಾಖೆ, ಒಂದೇ ಅನುಸೂಚಿ.

ಮರಗಳ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಧ್ಯ ಅಮೆರಿಕದ ಕಡೆಯಿಂದ ಬಂದು ನಮ್ಮ ಬಯಲುಗಳನ್ನೆಲ್ಲ ನುಂಗಿದ ಪ್ರೊಸೋಪಿಸ್ ಗಿಡಕ್ಕೆ ಕನ್ನಡದಲ್ಲಿ ಬಳ್ಳಾರಿ ಜಾಲಿ ಎಂದು ಹೆಸರು. ಹೊರಗಿನಿಂದ ಬಂದದ್ದಕ್ಕೆ ಬಳ್ಳಾರಿಯ ಹೆಸರು ಸಿಕ್ಕಿತು. ಬಳ್ಳಾರಿಯದೇ ಆದ ಹಕ್ಕಿಯ ಹೆಸರು ಬಳ್ಳಾರಿಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಎರಡನೇ ಉದ್ಧಾರಕರು ದೊಡ್ಡ ಯೋಜನೆಗಳವರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಗಳ ಮೇವಿಗೆಂದು ಮೀಸಲಾಗಿದ್ದವು. ಅಲ್ಲಿನ ಸುಮಾರು 10 ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿದರು. ಆ ಸಂಸ್ಥೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅಷ್ಟು ಅಗಲದ ಕಾಡನ್ನು ಪಶ್ಚಿಮ ಘಟ್ಟದಲ್ಲಿ ಕೇಳಿದ್ದರೆ ಕಪ್ಪತಗುಡ್ಡದಿಂದ ಕೊಡಗಿನವರೆಗೆ ಜನ ಬೀದಿಗಿಳಿಯುತ್ತಿದ್ದರು. ಕಾವಲು ಹೋದಾಗ ಬೀದಿಗೆ ಬಂದವರು ಕುರಿ ದನ ಸಾಕುವವರು, ಅವರ ಜೊತೆ ಒಂದಿಷ್ಟು ಹೋರಾಟಗಾರರು. ಬೆಂಗಳೂರಿನ, ಮುಂಬೈಯ, ಪುಣೆಯ ನಮ್ಮಂಥವರಿಗೆ ಅದು ಒಣಹುಲ್ಲಾಗಿ ಕಂಡಿತು.

ಮೂರನೆಯವರ ವಿಷಯ ಕಷ್ಟದ್ದು, ಯಾಕೆಂದರೆ ಅವರ ಉದ್ದೇಶ ಒಳ್ಳೆಯದು. ಜೈಸಲ್ಮೇರಿನ ಮರುಭೂಮಿಯಲ್ಲಿ ಬಿಸಿಲೂ ಗಾಳಿಯೂ ಧಾರಾಳ. ಸೌರ ಫಲಕಗಳು, ಗಾಳಿಯಂತ್ರಗಳು ಬಂದವು, ಅವುಗಳ ಹಿಂದೆ ವಿದ್ಯುತ್ ತಂತಿಗಳು. ಬಸ್ಟರ್ಡ್ ಜಾತಿಯ ಹಕ್ಕಿಗಳ ಕಣ್ಣು ತಲೆಯ ಪಕ್ಕಕ್ಕಿವೆ. ಹಾರುವಾಗ ಕೆಳಗೆ ನೋಡಲು ತಲೆ ಬಗ್ಗಿಸಿದರೆ ಮುಂದಿನದ್ದು ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗದು. ಥಾರ್ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 18 ಎರೆಭೂತಗಳು ತಂತಿಗೆ ಬಡಿದು ಸಾಯುತ್ತಿರಬಹುದು ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತು. ನೂರಿಪ್ಪತ್ತು ಚಿಲ್ಲರೆ ಹಕ್ಕಿಗಳಲ್ಲಿ ಹದಿನೆಂಟು! ವರ್ಷಕ್ಕೊಂದು ಮೊಟ್ಟೆಯಿಡುವ ಸಂಸಾರಕ್ಕೆ ಇದು ತೀರಿಸಲಾಗದ ಸಾಲ.

1972ರ ಕಾಯ್ದೆಯನ್ನು ರೂಪಿಸಿದವರಲ್ಲಿ ಮುಖ್ಯರಾದ ನಿವೃತ್ತ ಐಎಎಸ್ ಅಧಿಕಾರಿ ಎಂ. ಕೆ. ರಂಜಿತ್‌ಸಿಂಹ್ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಾನೂನು ಬರೆದವರೇ ಅದು ಸಾಲುತ್ತಿಲ್ಲವೆಂದು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 2021ರ ಏಪ್ರಿಲಿನಲ್ಲಿ ನ್ಯಾಯಾಲಯ ಸುಮಾರು 99 ಸಾವಿರ ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ, ಆಗುವ ಕಡೆಯೆಲ್ಲ ತಂತಿಗಳನ್ನು ನೆಲದಡಿಗೆ ಹಾಕಿ ಎಂದಿತು. ಸರ್ಕಾರ ಮರಳಿ ಹೋಗಿ, ಹೆಚ್ಚು ವೋಲ್ಟೇಜಿನ ತಂತಿಗಳನ್ನು ಹಾಗೆ ಹೂಳಲಾಗದು, ಖರ್ಚು ವಿಪರೀತ, 2030ಕ್ಕೆ 500 ಗಿಗಾವಾಟ್ ಸ್ವಚ್ಛ ವಿದ್ಯುತ್ತಿನ ಮಾತು ಜಗತ್ತಿಗೆ ಕೊಟ್ಟಿದ್ದೇವೆ ಎಂದು ಹೇಳಿತು. 2024ರ ಮಾರ್ಚಿನಲ್ಲಿ ನ್ಯಾಯಾಲಯ ಆ ಸಾರಾಸಗಟು ಆದೇಶವನ್ನು ಹಿಂಪಡೆದು, ರಾಜಸ್ಥಾನದ 13,163, ಗುಜರಾತಿನ 500 ಚದರ ಕಿಲೋಮೀಟರ್ ಆದ್ಯತಾ ಪ್ರದೇಶದ ಪ್ರಶ್ನೆಯನ್ನು ತಜ್ಞರ ಸಮಿತಿಗೆ ವಹಿಸಿತು. ಹವಾಮಾನ ಬದಲಾವಣೆಯ ಕೇಡಿನಿಂದ ಮುಕ್ತವಾಗಿರುವುದು ನಾಗರಿಕರ ಹಕ್ಕು ಎಂದು ಅದೇ ತೀರ್ಪಿನಲ್ಲಿ ಹೇಳಿತು. ಆ ಹಕ್ಕನ್ನು ನಾನೂ ಒಪ್ಪುತ್ತೇನೆ. ಕಲ್ಲಿದ್ದಲು ಸುಡುತ್ತಲೇ ಹೋದರೆ ಎರೆಭೂತಕ್ಕೂ ಉಳಿಗಾಲವಿಲ್ಲ.

ಆದರೆ ಸೂರ್ಯನೋ ಹಕ್ಕಿಯೋ ಎಂದು ತಕ್ಕಡಿ ಹಿಡಿದವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಬಿಸಿಲು ಇರುವುದು ಜೈಸಲ್ಮೇರಿನಲ್ಲಿ ಮಾತ್ರವೇ? ಫಲಕಗಳು ಅಲ್ಲಿಗೇ ಮುಗಿಬಿದ್ದು ಹೋದದ್ದಕ್ಕೆ ಬಿಸಿಲಿನಷ್ಟೇ ದೊಡ್ಡ ಕಾರಣ, ಅಲ್ಲಿನ ನೆಲ ಕಡತದಲ್ಲಿ ಯಾರದ್ದೂ ಅಲ್ಲದ ಪಾಳು ಎಂದಿರುವುದು. ಅಲ್ಲಿನ ದೇಗರಾಯ್ ಒರಣ್ ದೇವಿಯ ಹೆಸರಿನಲ್ಲಿ ತಲೆಮಾರುಗಳಿಂದ ಜನ ಕಾದುಕೊಂಡು ಬಂದ ಬಯಲು, ನಮ್ಮ ದೇವರಕಾಡಿನ ಹುಲ್ಲುಗಾವಲು ರೂಪ. ಅದರ ದೊಡ್ಡ ಭಾಗ ದಾಖಲೆಯಲ್ಲಿ ಒರಣ್ ಎಂದೇ ಇಲ್ಲ. ಜನ ಎತ್ತಿದ ತಕರಾರು ಇಷ್ಟೇ: ಇದು ದೇವಿಯ ನೆಲ, ನಮ್ಮ ಒಂಟೆ ಕುರಿಗಳ ನೆಲ, ಪಾಳು ಎಂದು ಬರೆದವರು ಯಾರು?

ಈಗ ತುಮಕೂರು ಜಿಲ್ಲೆಯ ಪಾವಗಡಕ್ಕೆ ಬನ್ನಿ. ಅಲ್ಲಿನ 2,050 ಮೆಗಾವಾಟಿನ ಸೌರ ಪಾರ್ಕು ನಿಂತಿರುವುದು ಸುಮಾರು 13 ಸಾವಿರ ಎಕರೆಯಲ್ಲಿ, ಬಹುಪಾಲು ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯಲ್ಲಿ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಎಂದು ಶುರುವಾಗಿ ಏರುತ್ತ ಹೋಗುವ ಬಾಡಿಗೆ. ಅದರಲ್ಲೂ ಕೊರತೆಗಳಿವೆ, ಭೂಮಿಯಿಲ್ಲದ ಕೂಲಿಗಳಿಗೆ ಏನೂ ಸಿಗಲಿಲ್ಲ. ಆದರೂ ಪಹಣಿಯಲ್ಲಿ ಹೆಸರಿದ್ದ ನೆಲಕ್ಕೆ ಬೆಲೆ ಬಂತು, ಖರಾಬು ಎಂದು ಬರೆದ ನೆಲಕ್ಕೆ ಬರಲಿಲ್ಲ. ಫಲಕ ಹಾಕಲು ಎಕರೆಗೆ 21 ಸಾವಿರ ಕೊಡಬಲ್ಲ ದೇಶ, ಸಿರುಗುಪ್ಪದ ರೈತನಿಗೆ ‘ನಿನ್ನ ಹೊಲದಲ್ಲಿ ಜೋಳ ಕಡಲೆ ಮುಂದುವರಿಸು, ಹಕ್ಕಿ ಮೊಟ್ಟೆಯಿಟ್ಟ ವರ್ಷ ಆ ಮೂಲೆಯನ್ನು ಉಳಬೇಡ’ ಎಂದು ಬಾಡಿಗೆ ಯಾಕೆ ಕೊಡಬಾರದು? ಎಣಿಸಿದರೆ ಕೆಲವು ನೂರು ಎಕರೆಯ ಮಾತು. ಒಂದು ಮೇಲ್ಸೇತುವೆಯ ಕಂಬಕ್ಕೂ ಸಾಲದ ದುಡ್ಡು.

ರೈತನನ್ನು ಬಿಟ್ಟು ಈ ಹಕ್ಕಿಯನ್ನು ಉಳಿಸಲು ಹೊರಟ ಕಡೆಗಳಲ್ಲಿ ಏನಾಯಿತು ಎಂದು ನೋಡಿ ಆಗಿದೆ. ಮಹಾರಾಷ್ಟ್ರದಲ್ಲಿ 1979ರಲ್ಲಿ ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಲ್ಲಿ ಹರಡಿದ 8,496 ಚದರ ಕಿಲೋಮೀಟರಿನ ಮಾಳಢೋಕ್ ಅಭಯಾರಣ್ಯ ಘೋಷಿಸಿದರು. ಊರುಗಳು, ತೋಟಗಳು, ಪೇಟೆಗಳು ಎಲ್ಲವೂ ಒಳಗೆ. ಹೊಲ ಮಾರಲು, ಬಾವಿ ತೋಡಲು, ರಸ್ತೆ ಮಾಡಲು ಅರಣ್ಯ ಇಲಾಖೆಯ ಅಡ್ಡಿ ಎಂದು ಜನ ಹಕ್ಕಿಯನ್ನೇ ಶಪಿಸಿದರು. ಕೊನೆಗೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಮಧ್ಯಪ್ರದೇಶದ ಕರೇರಾದಲ್ಲಿ ಇನ್ನೂ ಕೆಟ್ಟದಾಯಿತು. 1981ರಲ್ಲಿ ರೈತರ ಖಾಸಗಿ ಜಮೀನನ್ನೇ ಸೇರಿಸಿ ಅಭಯಾರಣ್ಯ ಮಾಡಿದರು. ಜಮೀನು ಮಾರಲಾಗದ ರೈತ ಸಿಟ್ಟಾದ. ತೊಂಬತ್ತರ ದಶಕದಲ್ಲಿ ಹಕ್ಕಿ ಮಾಯವಾಯಿತು. ಅದು ಹೋಗಿ ದಶಕಗಳಾದರೂ ನಿರ್ಬಂಧ ಉಳಿದಿತ್ತು. ಕಡೆಗೆ ಅಭಯಾರಣ್ಯವೆಂಬ ಹೆಸರನ್ನೂ ತೆಗೆದರು. ತಪ್ಪು ಜಾಗದಲ್ಲಿ ಬಿದ್ದ ಕಠಿಣ ಕಾನೂನು, ಸರಿಯಾದ ಜಾಗದಲ್ಲಿ ಇಲ್ಲದ ಕಾನೂನು, ಎರಡರಿಂದಲೂ ಹಕ್ಕಿ ಸತ್ತಿತು.

ಸಮಾಧಾನದ ಸುದ್ದಿಯೂ ಇದೆ. ಜೈಸಲ್ಮೇರಿನ ಸಮ್ ಮತ್ತು ರಾಮದೇವರಾ ಕೇಂದ್ರಗಳಲ್ಲಿ 2019ರಿಂದ ಮೊಟ್ಟೆಗಳನ್ನು ತಂದು ಕಾವು ಕೊಟ್ಟು ಮರಿ ಮಾಡುವ ಕೆಲಸ ಗೆದ್ದಿದೆ, 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯಾಗಿದೆ. ವನ್ಯಜೀವಿ ಸಂಸ್ಥೆಯವರ ತಾಳ್ಮೆಗೆ ಕೈಮುಗಿಯಬೇಕು. ಆದರೆ ಆ ಮರಿಗಳನ್ನು ಬಿಡುವುದೆಲ್ಲಿಗೆ? ತಂತಿಯಿಲ್ಲದ, ನಾಯಿ ಹಿಂಡಿಲ್ಲದ, ಜಾಲಿ ಮುಚ್ಚದ ಬಯಲು ಬೇಕಲ್ಲ. 2020ರಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಾಗ ಎರೆಭೂತವೇ ಅದರ ಮುದ್ದು ಲಾಂಛನ, ಹೆಸರು ಗಿಬಿ. ಬೊಂಬೆಯಾಗಿ, ಬ್ಯಾಡ್ಜಾಗಿ ಅದು ಎಲ್ಲೆಡೆ ಮಿಂಚಿತು. ಅದೇ ವರ್ಷ ದೇಗರಾಯ್ ಒರಣ್‌ನಲ್ಲಿ ಒಂದು ಎರೆಭೂತ ತಂತಿಗೆ ಬಡಿದು ಸತ್ತು ಬಿದ್ದಿತ್ತು. ರಾಜಸ್ಥಾನಕ್ಕೆ ಅದು 1981ರಿಂದಲೂ ರಾಜ್ಯಪಕ್ಷಿ. ಪಟ್ಟದಿಂದ ಹಕ್ಕಿ ಉಳಿಯುವುದಾದರೆ ಅಲ್ಲಿ ಉಳಿಯಬೇಕಿತ್ತು.

ಹಾಗಾಗಿ ನವಿಲಿನ ಪಟ್ಟ ನವಿಲಿಗೇ ಇರಲಿ. ಅದನ್ನು ಒಂದನೇ ಅನುಸೂಚಿಯಲ್ಲಿ ಇಟ್ಟುಕೊಂಡೇ, ಬೆಳೆ ತಿಂದಾಗ ಕೊಡುವ ಪರಿಹಾರವನ್ನು ಗೌರವದಿಂದ ಕೊಡುವ ವ್ಯವಸ್ಥೆಯಾಗಲಿ. ಎರೆಭೂತಕ್ಕೆ ಬೇಕಾದ ತಿದ್ದುಪಡಿ ಅನುಸೂಚಿಯಲ್ಲಿ ಆಗುವಂಥದ್ದಲ್ಲ. ಹುಲ್ಲುಗಾವಲು ಎಂಬುದು ಭೂದಾಖಲೆಯಲ್ಲಿ ಸ್ವತಂತ್ರ ವರ್ಗವಾಗಬೇಕು, ಪಾಳಿನ ಉಪಶೀರ್ಷಿಕೆಯಾಗಿ ಅಲ್ಲ. ಕಾವಲು, ಗೋಮಾಳ, ಒರಣ್‌ಗಳನ್ನು ಬೇರೆ ಕೆಲಸಕ್ಕೆ ಕೊಡುವ ಮುನ್ನ ಕಾಡಿಗೆ ಬೇಕಾಗುವಂಥದೇ ಅನುಮತಿ ಬೇಕಾಗಬೇಕು. ಅಲ್ಲಿ ಸಸಿ ನೆಡುವುದಕ್ಕೂ ಅದೇ ಅನುಮತಿ ಬೇಕು. ಇದನ್ನು ಕೇಳಿ ನಮ್ಮ ಪರಿಸರವಾದಿ ಗೆಳೆಯರೇ ಮೊದಲು ಸಿಟ್ಟಾಗುತ್ತಾರೆ, ಆಗಲಿ. ತಂತಿ ಹೂಳುವ ಖರ್ಚನ್ನು ಸಾವಿರಾರು ಕಿಲೋಮೀಟರಿಗೆ ಲೆಕ್ಕ ಹಾಕಿ ಹೆದರಿಸುವ ಬದಲು, ಹಕ್ಕಿ ದಿನಾ ದಾಟುವ ದಾರಿಗಳಿಗೆ ಮಾತ್ರ ಲೆಕ್ಕ ಹಾಕಿ, ಅದನ್ನು ಯೂನಿಟ್ ದರದಲ್ಲಿ ಹಂಚಲಿ. ಮಹಾನಗರದ ಅಪಾರ್ಟ್‌ಮೆಂಟಿನಲ್ಲಿ ಕೂತು ಹಸಿರು ವಿದ್ಯುತ್ ಬಳಸುತ್ತೇನೆ ಎಂದು ಹೆಮ್ಮೆ ಪಡುವ ನಾವು ಆ ಪೈಸೆಗಳನ್ನು ಕೊಡಲೇಬೇಕು.

ಅಲ್ಲಿಯವರೆಗೆ ಒಂದು ಕೆಲಸ ಯಾರು ಬೇಕಾದರೂ ಮಾಡಬಹುದು. ಊರಿನಲ್ಲಿ ಇನ್ನೂ ಜಮೀನು ಉಳಿಸಿಕೊಂಡಿರುವವರು ಮುಂದಿನ ಸಲ ಹೋದಾಗ ನಾಡಕಚೇರಿಯಲ್ಲಿ ಊರಿನ ಗೋಮಾಳದ ಸರ್ವೆ ನಂಬರು ಕೇಳಿ, ಅದರ ಪಹಣಿ ತೆಗೆಸಿ. ಮಹಾರಾಷ್ಟ್ರದಲ್ಲಿದ್ದರೆ ಸಾತ್‌ಬಾರಾ ಉತಾರಾ ತೆಗೆಸಿ. ಎಷ್ಟು ಎಕರೆ ಇತ್ತು, ಎಷ್ಟು ಉಳಿದಿದೆ, ಖರಾಬು ಎಂದು ಎಷ್ಟು ಬರೆದಿದ್ದಾರೆ, ಯಾರಿಗೆ ಯಾವಾಗ ಮಂಜೂರಾಗಿದೆ ಎಂದು ಓದಿ. ಸಿರುಗುಪ್ಪ, ಚಳ್ಳಕೆರೆ, ರಾಣೆಬೆನ್ನೂರು ಕಡೆಯವರು ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿಕೊಳ್ಳಿ.